ಹೊಸ ಕಚೇರಿಗೆ ಬಿಳಿ ಸೇವಂತಿಗೆ

ಸೊಂಗ್ನಾಮ್, ಗುರುವಾರ

ನಿರ್ದೇಶಕ ಕೂ ಬೊನ್‌ಸಿಕ್ ಅವರಿಗೆ,

ಬೊರಾಮ್ ಮಾಡುವ ನಮಸ್ಕಾರಗಳು. ನಾಳೆ ನಿಮ್ಮ ಹೊಸ ಕಂಪನಿಯ ಉದ್ಘಾಟನೆಯಂತೆ, ಸಂತೋಷ. ನಾವೆಲ್ಲ ಸೇರಿ ಕಟ್ಟಿದ ‘ಉಕ್ಕಿನ ಹದ್ದು’ ಆಟದ ಸರ್ವರ್ ಶಾಶ್ವತವಾಗಿ ಮುಚ್ಚುವುದೂ ನಾಳೆಯೇ.

ಪುಕ್ಕಟೆ ಆಡುವ ಆ ಗುಂಡಿನ ಕಾಳಗದಲ್ಲಿ ನೀವು ದುಡ್ಡಿಗೆ ಬಂದೂಕು ಮಾರಲು ಹೊರಟಾಗ ನಾನು ಕೇಳಿದ್ದೆ: “ಸರ್, ಕಾಸು ಕೊಟ್ಟವ್ನೇ ಗೆಲ್ಲೋದಾದ್ರೆ ಮಿಕ್ಕವ್ರು ಬರೀ ಸಾಯೋಕೆ ಬರ್ತಾರಾ?” ಇಡೀ ತಂಡದೆದುರು ನೀವು ನಕ್ಕಿರಿ. “ನಿಂಗ್ಯಾಕಮ್ಮ ಬಂದೂಕಿನ ಉಸಾಬರಿ? ಹೋಗಿ ನಿಮ್ಮಮ್ಮನ ಅಂಗಡೀಲಿ ಹೂ ಕಟ್ಕೊಂಡಿರು.” ಅದೇ ವಾರ ನನ್ನನ್ನು ಕೆಲಸದಿಂದ ತೆಗೆದಿರಿ. ವರ್ಷ ಕಳೆಯುವಷ್ಟರಲ್ಲಿ ಆಟದೊಳಗೆ ಕಾಸು ಕೊಟ್ಟವರು ಮಾತ್ರ ಉಳಿದರು. ಹೊಡೆಯಲು ಯಾರೂ ಸಿಗದೆ ಅವರೂ ಎದ್ದುಹೋದರು.

ಈಗ ಹಳೆಯ ಆಟಗಾರರು ಆಟದ ಸಾವಿಗೆಂದು ನಮ್ಮ ಅಂಗಡಿಯಲ್ಲೇ ಪುಷ್ಪಚಕ್ರಗಳನ್ನು ಕಟ್ಟಿಸಿದ್ದಾರೆ. ಸಾವಿನ ಮನೆಗೆ ಕಳಿಸುವ ಬಿಳಿ ಸೇವಂತಿಗೆ, ಆಳೆತ್ತರ, ಕಪ್ಪಕ್ಷರದ ಪಟ್ಟಿಯಲ್ಲಿ ನಿಮ್ಮ ಹೆಸರು. ಅವರು ಕೊಟ್ಟದ್ದು ಹಳೆಯ ಕಚೇರಿಯ ವಿಳಾಸ. ಅಲ್ಲೀಗ ಬೀಗ ಬಿದ್ದಿದೆ. ಹೊಸದನ್ನು ನಾನೇ ತಿಳಿಸಿದೆ. “ಅಕ್ಕಾ, ಕಣ್ಮುಚ್ಕೊಂಡು ಅಲ್ಲಿಗೇ ಕಳ್ಸಿ!” ಎಂದರು.

ಒಂದು ಕೋರಿಕೆ. ಬಂಡವಾಳ ಹಾಕುವವರು ಬರುವ ಹೊತ್ತಿಗೆ ನಮ್ಮ ಲಾರಿಯೂ ಬರುತ್ತದೆ. ಬಾಗಿಲಿನ ಎರಡೂ ಬದಿ ಜಾಗ ಬಿಡಿಸಿರಿ. ಕಾವಲಿನವರು ತಡೆದರೂ ಬೇಸರವಿಲ್ಲ, ರಸ್ತೆಯುದ್ದಕ್ಕೂ ನಿಲ್ಲಿಸುತ್ತೇವೆ.

ಹೂ ಬಾಡೀತೆಂಬ ಚಿಂತೆ ನಿಮಗೆ ಬೇಡ. ದಿನವೂ ಬಂದು ನಾನೇ ನೀರು ಚಿಮುಕಿಸುತ್ತೇನೆ.

ಇತಿ,
ನೀವು ಹೇಳಿದ ಕೆಲಸದಲ್ಲೇ ಇರುವ
ತಾಕ್ ಬೊರಾಮ್