ಹೊರಡುವವರಿಗೆ ಒಂದು ಚಮಚ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಾನು ಕ್ಷೇಮವಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದ ಪೂರ್ತಿ ಅದನ್ನೇ ಹುಡುಕುತ್ತೀ. ಫೋನ್ ಇರುವಾಗ ಇವಳಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳಬೇಡ. ಫೋನಿನಲ್ಲಿ ನಿನಗೆ ಬೇಡದ ಮಾತನ್ನು ಪೂರ್ತಿ ಹೇಳಿ ಮುಗಿಸಿದವರು ಇನ್ನೂ ಹುಟ್ಟಿಲ್ಲ. ಒಲೆಯ ಮೇಲೆ ಹಾಲು ಉಕ್ತಾ ಇದೆ ಎಂದು ಇಟ್ಟುಬಿಡುತ್ತೀ, ಇಲ್ಲವೇ ಫೋನನ್ನು ಮೊಮ್ಮಗಳ ಕೈಗೆ ದಾಟಿಸುತ್ತೀ. ಕಾಗದಕ್ಕೆ ಆ ಉಪಾಯ ನಡೆಯುವುದಿಲ್ಲ. ಗುಬ್ಬಿ ಶಾಲೆಗೆ ಹೋದ ಮೇಲೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಒಬ್ಬಳೇ ಓದು.

ಹೋದ ವಾರ ಗುಬ್ಬಿಯ ಶಾಲೆಯಲ್ಲಿ ನಡೆದ ದೇಶದೇಶಗಳ ಊಟದ ಹಬ್ಬಕ್ಕೆ ಬಂದವಳು ಮನೆಗೂ ಬರದೆ ಹಾಗೇ ರೈಲು ಹತ್ತಿದೆನಲ್ಲ, ಅದಕ್ಕೆ ನೀನು ಮುನಿಸಿಕೊಂಡಿದ್ದೀ. ಸಂಜೆ ಪಾಳಿ ಇದೆ ಎಂದು ಹೇಳಿದ್ದೆ. ಪಾಳಿ ಇರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವತ್ತು ನನಗೆ ರಜೆ. ನಿನ್ನ ಎದುರು ಕೂತು ಊಟ ಮಾಡಿದರೆ ಬಾಯಿ ಬಿಟ್ಟುಬಿಡುತ್ತೇನೆ ಎಂಬ ಭಯಕ್ಕೆ ಓಡಿಹೋದೆ.

ಶಾಲೆಯ ಸಭಾಂಗಣದ ಬಾಗಿಲಲ್ಲಿ ಕಾಲಿಟ್ಟಾಗ ನಾನು ಕಣ್ಣಿಗಿಂತ ಮೊದಲು ಮೂಗಿನಿಂದಲೇ ನೋಡಿದೆ. ಹುರಿದ ಬೆಳ್ಳುಳ್ಳಿ, ಸುಟ್ಟ ಮೀನು, ಕರಗುತ್ತಿರುವ ಬೆಣ್ಣೆ, ಯಾವುದೋ ಹುಳಿ ಹಣ್ಣು, ಆಗ ತಾನೇ ಬೆಂದ ಬ್ರೆಡ್ಡು. ಅಷ್ಟೊಂದು ದೇಶಗಳ ಟೇಬಲ್ಲುಗಳು ಸಾಲಾಗಿ ನಿಂತು, ಒಂದರ ವಾಸನೆ ಇನ್ನೊಂದರ ಮೇಲೆ ಬಿದ್ದು ಜಗಳವಾಡುತ್ತಿದ್ದವು. ನನಗೆ ಈ ಮೂಗು ಬಂದಿರುವುದು ನಿನ್ನಿಂದ. ಬಟ್ಟೆಯ ಗಂಟು ಬಿಚ್ಚುವ ಮೊದಲೇ ಅದು ಯಾವ ವಾರ್ಡಿನದು ಎಂದು ನಾನು ಹೇಳಿದರೆ ಲಾಂಡ್ರಿಯ ಹುಡುಗಿಯರು ನಗುತ್ತಾರೆ. ಅವರಿಗೆ ನಿನ್ನ ಕಥೆ ಹೇಳುತ್ತೇನೆ: ಪಕ್ಕದ ಮನೆಯಲ್ಲಿ ಹಾಲು ತಳ ಹಿಡಿದರೆ ನಮ್ಮ ಮನೆಯಿಂದಲೇ ಕೂಗಿ ಎಚ್ಚರಿಸುತ್ತಿದ್ದ ಅಮ್ಮನ ಕಥೆ.

ನಮ್ಮ ದೇಶದ ಟೇಬಲ್ಲಿನ ಮುಂದೆ ಉದ್ದ ಸಾಲು ಇತ್ತು. ನನಗೆ ಜಂಬ ಬಂತು. ಗುಬ್ಬಿ ಕೊರಳಿಗೆ ಕಾಗದದ ಬಿಲ್ಲೆ ಕಟ್ಟಿಕೊಂಡು ಬಡಿಸುತ್ತಿದ್ದಳು. ನೀನು ಹಿಂದೆ ಗೋಡೆಯ ಪಕ್ಕ, ಒಳ್ಳೆಯ ಬಟ್ಟೆ ಉಟ್ಟು, ಕುರ್ಚಿಯಲ್ಲಿ ಕೂತಿದ್ದೆ. ಇಬ್ಬರೂ ನನ್ನನ್ನು ನೋಡಿರಲಿಲ್ಲ. ನಿಮ್ಮನ್ನು ಬೆಚ್ಚಿಬೀಳಿಸೋಣ ಎಂದು ಸಾಲಿನಲ್ಲೇ ನಿಂತೆ.

ನನ್ನ ಮುಂದೆ ಒಬ್ಬ ಬಸ್ ಡ್ರೈವರ್, ಯಾವುದೋ ಮಗುವಿನ ಅಪ್ಪ, ಸಮವಸ್ತ್ರದಲ್ಲೇ ಬಂದಿದ್ದ. ನಾನು ಯಾರೆಂದು ಅವನಿಗೇನು ಗೊತ್ತು. ನನ್ನದೇ ದೇಶದ ವಿಷಯ ನನಗೇ ಹೇಳಿಕೊಡತೊಡಗಿದ. "ಇದು ಸುಮ್ನೆ ತಿಂಡಿ ಅಲ್ಲ ನೋಡಿ. ಯಾರಾದ್ರೂ ದೂರ ಹೊರಟಾಗ ಇವರ ಕಡೆ ಇದನ್ನ ಒಂದೇ ಒಂದು ಚಮಚ ಕೊಡ್ತಾರಂತೆ. ಬೇಕಂತಲೇ ಉಪ್ಪು ಜಾಸ್ತಿ ಹಾಕೋದಂತೆ. ದಾರಿ ಉದ್ದಕ್ಕೂ ಬಾಯಾರ್ಬೇಕು, ಮನೆ ನೀರು ನೆನಪಾಗ್ಬೇಕು, ವಾಪಸ್ ಬರ್ಬೇಕು ಅಂತ," ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, ನಾಳೆ ದೂರದ ಓಟಕ್ಕೆ ಹೊರಡಬೇಕು, ಮಗ ಬಿಡಲಿಲ್ಲ, ಅದಕ್ಕೇ ಎರಡನೇ ಸಲ ಸಾಲಿಗೆ ನಿಂತಿದ್ದೇನೆ ಎಂದ.

ನಮ್ಮ ದೇಶದಲ್ಲಿ ಅಂಥ ಪದ್ಧತಿ ಎಲ್ಲಿದೆಯಮ್ಮ? ಪಾತ್ರೆಯಲ್ಲಿದ್ದದ್ದು ಹಾಲಿನಲ್ಲಿ ಬೇಯಿಸಿದ ಸಿಹಿಯನ್ನ. ನನಗೆ ಜ್ವರ ಬಿಟ್ಟಾಗ, ಪರೀಕ್ಷೆ ಪಾಸಾದಾಗ, ಸುಮ್ಮನೆ ಅತ್ತಾಗಲೂ ನೀನು ಮಾಡಿಕೊಟ್ಟ ಸಿಹಿಯನ್ನ. ಈ ಮನುಷ್ಯನ ಕಿವಿಗೆ ಯಾರೋ ಹೂವಿಟ್ಟಿದ್ದಾರೆ ಎಂದುಕೊಂಡೆ. ಆದರೆ ಸಾಲಿನ ಮುಂದೆ ನೋಡಿದರೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿ, ಪಕ್ಕದಲ್ಲಿದ್ದ ಲೋಟದಿಂದ ನೀರು ಕುಡಿದು, ನಿನ್ನ ಕಡೆ ತಿರುಗಿ ತಲೆ ಬಾಗಿಸುತ್ತಿದ್ದರು. ಒಬ್ಬರು ಟೀಚರ್ ಕಣ್ಣು ಒರೆಸಿಕೊಂಡರು. ಮುಖ್ಯೋಪಾಧ್ಯಾಯಿನಿಯವರು ಆ ಪದ್ಧತಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಟೇಬಲ್ಲಿಗೆ ಅಂಟಿಸುತ್ತಿದ್ದರು. ಗುಬ್ಬಿ ಬಡಿಸುತ್ತಾ ಒಬ್ಬೊಬ್ಬರಿಗೂ ಹೇಳುತ್ತಿದ್ದ ಈ ಮಾತು ಆ ಗದ್ದಲದಲ್ಲಿ ನಿನಗೆ ಕೇಳಿಸಿರಲಾರದು. ನಿನ್ನ ಕೈರುಚಿಗೆ ಸಿಕ್ಕ ಮರ್ಯಾದೆ ಎಂದುಕೊಂಡು ನೀನು ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದೆ.

ನನ್ನ ಸರದಿ ಬಂತು. ಗುಬ್ಬಿ ನನ್ನನ್ನು ನೋಡಿದಳು. ಓಡಿಬಂದು ಕಾಲು ತಬ್ಬಿಕೊಳ್ಳುವವಳು ಅವತ್ತು ಕದಲಲಿಲ್ಲ. ಚಮಚ ಎತ್ತಿ ನನ್ನ ಕೈಗೆ ಕೊಟ್ಟಳು, ತಿನ್ನು ಎಂದು ಕಣ್ಣಲ್ಲೇ ಬೇಡಿದಳು.

ಹಾಲು, ಅನ್ನ, ಒಣದ್ರಾಕ್ಷಿ, ಮತ್ತು ಉಪ್ಪು. ಬರೀ ಉಪ್ಪು, ಅಮ್ಮ. ನಾಲಿಗೆ ಸುರುಟಿಹೋಯಿತು. ಬೇಸರವಾಗುತ್ತದೆ ಎಂದು ಗೊತ್ತಿದ್ದೂ ಇದನ್ನು ಬರೆಯುತ್ತಿದ್ದೇನೆ. ಆ ಸಭಾಂಗಣದಲ್ಲಿ ಇದನ್ನು ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಅಷ್ಟು ಜನರಲ್ಲಿ ನಮ್ಮ ದೇಶದವರು ನಾವು ಮೂವರೇ. ಉಳಿದವರಿಗೆಲ್ಲ ನಿನ್ನ ಮೇಲೆ ಗೌರವ, ನಮ್ಮ ದೇಶದ ಮೇಲೆ ಗೌರವ. ಬೇರೆಯವರ ಊಟ ಹೀಗೇ ಇರುತ್ತದೇನೋ ಎಂದು ನಂಬುವ ಒಳ್ಳೆಯ ಜನ. ಅವರಿಗೆ ನಿನ್ನ ಸಿಹಿಯನ್ನ ಹೇಗಿರಬೇಕೆಂದು ಗೊತ್ತೇ ಇಲ್ಲದಿದ್ದರೆ, ಅದು ಕೆಟ್ಟಿದೆ ಎಂದು ಹೇಗೆ ಹೇಳುತ್ತಾರೆ?

ಅಷ್ಟರಲ್ಲಿ ನೀನು ನನ್ನನ್ನು ನೋಡಿ ಎದ್ದುಬಂದೆ. ಯಾವಾಗ ಬಂದೆ ಎಂದೂ ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಸಕ್ಕರೆ ಒಂಚೂರು ಜಾಸ್ತಿ ಆಯ್ತೇನೇ?" ಎಂದು ಕೇಳಿದೆ.

ನಾನು, "ಇಲ್ಲಮ್ಮ, ಸರಿಯಾಗಿದೆ," ಎಂದೆ.

ನಿನ್ನ ಮುಖ ಅರಳಿತು. ಆಗ ನನಗೆ ಒಂದೊಂದಾಗಿ ನೆನಪಾಯಿತು. ಹೋದ ಚಳಿಗಾಲದಲ್ಲಿ ನಿನಗೆ ಬಂದ ಜ್ವರದ ನಂತರ ನಾನು ಬಂದಾಗಲೆಲ್ಲ ನೀನು ಊಟಕ್ಕೆ ಕೂತು ನಿನ್ನ ತಟ್ಟೆ ನೋಡುತ್ತಿರಲಿಲ್ಲ, ನಮ್ಮ ಬಾಯಿ ನೋಡುತ್ತಿದ್ದೆ. ನಮ್ಮ ಮುಖ ಓದಿಕೊಂಡು ಉಪ್ಪು ಸಾಕೇ ಬೇಕೇ ಎಂದು ತಿಳಿದುಕೊಳ್ಳುತ್ತಿದ್ದೆ. ಕಪ್ಪಾದ ಪಾತ್ರೆಯನ್ನು ಸಿಂಕಿನ ಕೆಳಗೆ ಅಡಗಿಸಿದ್ದನ್ನು ನಾನು ನೋಡಿದ್ದೆ. ಕೇಳಿದರೆ ನೆಗಡಿ ಅಂದೆ. ವರ್ಷವಿಡೀ ಇರುವ ನೆಗಡಿಯನ್ನು ನಾನೂ ನಂಬಿದೆ, ನಂಬಿದರೆ ನನಗೂ ಅನುಕೂಲವಿತ್ತಲ್ಲ.

ಕೈತೊಳೆಯುವ ಜಾಗದಲ್ಲಿ ಗುಬ್ಬಿಯನ್ನು ಹಿಡಿದು ಕೇಳಿದೆ. ಸುಳ್ಳು ಹೇಳುವುದರಲ್ಲಿ ಅವಳು ನಮ್ಮಿಬ್ಬರನ್ನೂ ಮೀರಿಸಿದವಳು. ಆದರೆ ಅವತ್ತು ಪೂರ್ತಿ ಹೇಳಿದಳು. ಮನೆಯಲ್ಲಿ ಮಾಡಿ ತರುವಂತಿಲ್ಲ, ಶಾಲೆಯ ಅಡುಗೆಮನೆಯಲ್ಲೇ ಮಾಡಬೇಕು ಎಂಬುದು ಹಬ್ಬದ ನಿಯಮ. ಅಲ್ಲಿ ಒಂದೇ ತರಹದ ಎರಡು ದೊಡ್ಡ ಡಬ್ಬಿಗಳು, ಎರಡರಲ್ಲೂ ಬಿಳಿ ಪುಡಿ. ನಿನ್ನ ಕನ್ನಡಕಕ್ಕೆ ಹಬೆ ಹಿಡಿದಿತ್ತಂತೆ. ನೀನು ಬೆರಳಿಗೆ ಚೂರು ತಗುಲಿಸಿ ನಾಲಿಗೆಗಿಟ್ಟುಕೊಂಡೆಯಂತೆ. ಸ್ವಲ್ಪ ಹೊತ್ತು ನಿಂತು, ಇದೇ ಸಕ್ಕರೆ ಎಂದೆಯಂತೆ. ಗುಬ್ಬಿ ನಂಬಿದಳು. ದಿನಾ ಮಾಡುವ ಹಾಗೆ ಬಡಿಸುವ ಮೊದಲು ಒಂದು ಚಮಚ ಬಾಯಿಗೆ ಹಾಕಿಕೊಂಡಾಗಲೇ ಅವಳಿಗೆ ಗೊತ್ತಾದದ್ದು. ಆ ಹೊತ್ತಿಗೆ ಬಾಗಿಲು ತೆರೆದು ಜನ ಒಳಗೆ ಬರುತ್ತಿದ್ದರು. ಹೊರಡುವವರ ಚಮಚದ ಕಥೆಯನ್ನು ನಿಂತ ನಿಲುವಿನಲ್ಲೇ ಕಟ್ಟಿದಳಂತೆ.

ಅಜ್ಜಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಜ್ಜಿ ಬೆಳಿಗ್ಗೆಯಿಂದ ಹಾಡು ಗುನುಗ್ತಾ ಇದ್ಲು," ಎಂದಳು, ಅದಕ್ಕಿಂತ ಹೆಚ್ಚಿನ ಕಾರಣ ಬೇಕೇ ಎಂಬಂತೆ.

ದಿನಾ ಮಾಡುವ ಹಾಗೆ ಎಂದಳಲ್ಲ, ಅದೇ ನನಗೆ ಚುಚ್ಚಿದ್ದು. ದಿನಾ ಏನೇನು ಮಾಡ್ತೀಯಾ ಎಂದು ಕೇಳಿದೆ. ನೀನು ಬೆನ್ನು ತಿರುಗಿಸಿದಾಗ ಸಾರಿಗೆ ಉಪ್ಪು ಸರಿಮಾಡುತ್ತಾಳೆ. ಹಾಲು ಒಡೆದಿದೆಯೇ ಎಂದು ಮೂಸಿ ನೋಡುತ್ತಾಳೆ. ಶಾಲೆಗೆ ಹೊರಡುವ ಮೊದಲು ಒಲೆಯ ಗುಂಡಿ ತಿರುಗಿಸಿ ನೋಡುತ್ತಾಳೆ, ಮೆಟ್ಟಿಲು ಇಳಿದ ಮೇಲೂ ಅನುಮಾನ ಬಂದು ಮತ್ತೆ ಹತ್ತುತ್ತಾಳೆ. ಒಂದು ದಿನ ಶಾಲೆಯಿಂದ ಬಂದಾಗ ಮನೆ ತುಂಬಾ ಗ್ಯಾಸ್ ವಾಸನೆ ಇತ್ತಂತೆ, ನೀನು ಅಲ್ಲೇ ಕೂತು ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದೆಯಂತೆ. ಸೆಖೆ ಎಂದು ಹೇಳಿ ಕಿಟಕಿಗಳನ್ನೆಲ್ಲ ತೆಗೆದಳಂತೆ. ನಿನಗೆ ನೆನಪಿದೆಯೇ, ಅವಳು ಚಳಿಯಲ್ಲಿ ಸೆಖೆ ಎಂದ ದಿನ?

ಕೊನೆಗೆ ನನ್ನ ಬೆರಳು ಹಿಡಿದುಕೊಂಡು, "ನನ್ನನ್ನ ನಿನ್ನ ಹತ್ರ ಕರ್ಕೊಂಡು ಹೋಗ್ಬೇಡಮ್ಮ ಈಗ. ನಾನು ಬಂದ್ರೆ ಅಜ್ಜೀನ ಯಾರು ನೋಡ್ಕೋತಾರೆ?" ಎಂದಳು.

ಅಮ್ಮ, ನಾನು ಮಗುವನ್ನು ನಿನ್ನ ಕೈಯಲ್ಲಿಟ್ಟು ಹೋಗಿದ್ದೆ. ಅವಳ ಅಪ್ಪ ಹೊರಟುಹೋದ ಮೇಲೆ, ಪಾಳಿ ಕೆಲಸದ ನಡುವೆ ನನಗೆ ಬೇರೆ ದಾರಿ ಇರಲಿಲ್ಲ. ಅಜ್ಜಿ ಇದ್ದಾಳಲ್ಲ ಎಂದು ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಅಲ್ಲಿ ನೋಡಿದರೆ ಎಂಟು ವರ್ಷದ ಹುಡುಗಿಯೇ ಮನೆಯ ಹಿರಿಯಳಾಗಿ ಕೂತಿದ್ದಾಳೆ. ನನಗೆ ನಿನ್ನ ಮೇಲೆ ಸಿಟ್ಟು ಬಂತು. ಸುಳ್ಳು ಹೇಳಿ ಏನು ಪ್ರಯೋಜನ, ಭಾರೀ ಸಿಟ್ಟು. ರುಚಿ ಹೋದದ್ದು ನಿನ್ನ ತಪ್ಪಲ್ಲ. ಮುಚ್ಚಿಟ್ಟದ್ದಕ್ಕೆ ಸಿಟ್ಟು. ನಿಜ ಹೇಳಿದರೆ ಗುಬ್ಬಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ತಾನೇ ನೀನು ಬಾಯಿ ಬಿಡಲಿಲ್ಲ? ಅವಳೂ ಅದಕ್ಕೇ ಬಾಯಿ ಬಿಡಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಣ್ಣು ತಪ್ಪಿಸಿಕೊಂಡು, ನನಗೆ ಹೆದರಿಕೊಂಡು ಬದುಕಿದ್ದೀರಿ. ನಾನು ಅಷ್ಟು ಕಟುಕಳೇ?

ಈಗ ನನ್ನ ನಿರ್ಧಾರ ಕೇಳು. ಗುಬ್ಬಿಯನ್ನು ನಿನ್ನಿಂದ ಬಿಡಿಸುವುದಿಲ್ಲ. ಆದರೆ ಹೀಗೆಯೇ ಬಿಟ್ಟಿರುವುದೂ ಇಲ್ಲ. ನಾನೇ ಬರುತ್ತೇನೆ. ನಿಮ್ಮ ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮೇಲೆ ಒಂದು ಜಾಗ ಖಾಲಿ ಇದೆ. ಇಲ್ಲಿನ ಮೇಲ್ವಿಚಾರಕಿ ಪಟ್ಟ ಅಲ್ಲಿ ಇರುವುದಿಲ್ಲ, ಬೆಡ್‌ಶೀಟುಗಳ ತುದಿ ಹಿಡಿದು ದಿನವಿಡೀ ನಿಲ್ಲಬೇಕು. ಒಪ್ಪಿಕೊಂಡಿದ್ದೇನೆ. ಬರುವ ತಿಂಗಳ ಮೊದಲಲ್ಲಿ ಬರುತ್ತೇನೆ. ಬೇಡ, ಕಷ್ಟಪಟ್ಟು ಮೇಲೆ ಬಂದಿದ್ದೀಯಾ ಎಂದು ಶುರುಮಾಡಬೇಡ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಲ್ಲಿಯವರೆಗೆ ಒಲೆ ಹಚ್ಚಿದಾಗ ಕಿಟಕಿ ತೆರೆದಿರಲಿ. ಕೆಳಮನೆಯ ಟೈಲರಮ್ಮನಿಗೆ ಫೋನ್ ಮಾಡಿದ್ದೇನೆ, ಬೆಳಿಗ್ಗೆ ಸಂಜೆ ಒಮ್ಮೆ ಹತ್ತಿಬಂದು ನೋಡುತ್ತಾರೆ. ಗ್ಯಾಸ್ ಸೋರಿದರೆ ಕೂಗುವ ಒಂದು ಯಂತ್ರ ಹಾಕಲು ರಿಪೇರಿಯವನು ಬರುತ್ತಾನೆ, ಅವನನ್ನು ಬಾಗಿಲಿಂದಲೇ ವಾಪಸ್ ಕಳಿಸಬೇಡ. ಮೂಗಿನ ಡಾಕ್ಟರ ಬಳಿ ನಾವಿಬ್ಬರೂ ಹೋಗೋಣ. ಹೋದದ್ದು ಮರಳಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಬರುತ್ತದೆ ಎಂದು ಸುಳ್ಳು ಧೈರ್ಯ ಹೇಳಲಾರೆ.

ಇವನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಒಂದು ಕೆಲಸ ಮಾತ್ರ ನೀನೇ ಮಾಡಬೇಕು, ಇದನ್ನು ಓದಿದ ದಿನವೇ ಮಾಡಬೇಕು. ಗುಬ್ಬಿ ಶಾಲೆಯಿಂದ ಬಂದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನಗೆ ವಾಸನೆ ಗೊತ್ತಾಗಲ್ಲ, ರುಚಿ ಗೊತ್ತಾಗಲ್ಲ, ನೀನು ಇಷ್ಟು ದಿನ ನೋಡಿಕೊಂಡದ್ದು ನನಗೆ ಗೊತ್ತಾಯಿತು, ಇನ್ನು ಸಾಕು ಎಂದು ಹೇಳು. ನಾನು ಹೇಳಿದರೆ ಅವಳು ತಲೆಯಾಡಿಸಿ ಮತ್ತೆ ಗುಂಡಿ ತಿರುಗಿಸಲು ಹೋಗುತ್ತಾಳೆ. ನೀನು ಹೇಳಿದರೆ ಮಾತ್ರ ಆ ಭಾರ ಅವಳ ಹೆಗಲಿಂದ ಇಳಿಯುತ್ತದೆ. ಅವಳು ಅತ್ತರೆ ಅಳಲಿ, ನೀನೂ ಅಳು. ಬೈಯಬೇಡ, ಅವಳು ನಮ್ಮ ದೇಶಕ್ಕೇ ಒಂದು ಹೊಸ ಪದ್ಧತಿ ಮಾಡಿಕೊಟ್ಟಿದ್ದಾಳೆ.

ಮುಂದಿನ ವರ್ಷವೂ ಇದನ್ನೇ ಮಾಡಬೇಕು ಎಂದು ಮುಖ್ಯೋಪಾಧ್ಯಾಯಿನಿಯವರು ನಿನ್ನನ್ನು ಕೇಳಿದ್ದಾರಂತೆ. ಮಾಡೋಣ. ಎರಡು ಪಾತ್ರೆಗಳಲ್ಲಿ ಮಾಡೋಣ, ಒಂದು ಹೊರಡುವವರಿಗೆ, ಒಂದು ಬಂದವರಿಗೆ. ನೀನು ಕಲಕು, ನಾನು ರುಚಿ ನೋಡುತ್ತೇನೆ. ಗುಬ್ಬಿ ಅವತ್ತು ಬೇರೆ ಮಕ್ಕಳ ಜೊತೆ ಆಡಲಿ.

ಇದನ್ನು ಓದಿ ಊಟ ಬಿಡಬೇಡ. ನಿನ್ನ ಸಿಹಿಯನ್ನದ ರುಚಿ ನನ್ನ ನಾಲಿಗೆಯಲ್ಲಿ ಭದ್ರವಾಗಿದೆ, ಅದು ಎಲ್ಲಿಯೂ ಹೋಗಿಲ್ಲ.

ನಿನ್ನ ಮುಖ ಕಂಡರೆ ಸುಳ್ಳು ಹೇಳಿಬಿಡುವ,
ನಿನ್ನ ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ನಿಮ್ಮನ್ನು ಬೆಚ್ಚಿಬೀಳಿಸಲು ಬಂದೆ ಎಂದೆನಲ್ಲ. ಅವತ್ತು ನಾನು ಗುಬ್ಬಿಯನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದೆ. ವಾಪಸ್ ಹೋಗಲು ಎರಡು ಟಿಕೆಟ್ ತೆಗೆಸಿದ್ದೆ. ರೈಲಿನಲ್ಲಿ ಪಕ್ಕದ ಸೀಟು ಖಾಲಿಯೇ ಇತ್ತು, ಅದರ ಮೇಲೆ ನೀರಿನ ಬಾಟಲಿ ಇಟ್ಟುಕೊಂಡಿದ್ದೆ. ಊರು ಮುಟ್ಟುವಷ್ಟರಲ್ಲಿ ಅದನ್ನು ಪೂರ್ತಿ ಕುಡಿದು ಮುಗಿಸಿದೆ. ಬಾಯಾರಿಕೆ ಹೋಗಲಿಲ್ಲ, ಅಮ್ಮ.