ನಾನು ಕೊಡದೆ ಇಟ್ಟುಕೊಂಡ ನಿನ್ನ ನಕ್ಷೆ

ಷಡ್ಡಕ ಮಹಾಲಿಂಗನಿಗೆ,

ಬರುವ ಶ್ರಾವಣಕ್ಕೆ ನೀನು ಹೋಗಿ ಎರಡು ವರ್ಷ. ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇದ್ದಾಗ ಒಂದೇ ಆಫೀಸಿನಲ್ಲಿ ಎದುರುಬದುರು ಕೂರುತ್ತಿದ್ದೆವು, ಬಾಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೇ ಈಗ ಬರೆಯಬೇಕಾಗಿದೆ.

ದಬ್ಬೇಘಟ್ಟದ ಮಾವನ ಮನೆಗೆ ನೀನು ಗಿರಿಜೆಯನ್ನು ನೋಡಲು ಬಂದ ದಿನ ನೆನಪಿದೆಯಾ? ನಾನು ಆಗಲೇ ಆ ಮನೆಯ ಹಿರಿಯಳಿಯ, ನಾಲ್ಕು ವರ್ಷದಿಂದ ಅಲ್ಲಿನ ಜಗಲಿಯಲ್ಲಿ ಒಬ್ಬನೇ ಮೆರೆದವನು. ನೀನು ಉಪ್ಪಿಟ್ಟು ತಿಂದು ಕೈ ತೊಳೆದು, ಸುಮ್ಮನೆ ಕೂರಲಾರದೆ, ಅತ್ತೆಯ ಕೆಟ್ಟ ರೇಡಿಯೋ ಬಿಚ್ಚಿದೆ. ಕಿತ್ತುಬಂದಿದ್ದ ಒಂದು ತಂತಿ ಸಿಕ್ಕಿಸಿ ಹಾಡಿಸಿಯೂಬಿಟ್ಟೆ. ಅದೇ ರೇಡಿಯೋವನ್ನು ನಾನು ಎರಡು ಸಲ ಬಿಚ್ಚಿ ನೋಡಿ, ಇದರ ಕಥೆ ಮುಗೀತು ಬುಡಿ ಅತ್ತೆ ಅಂದಿದ್ದೆ. ಅತ್ತೆ ನಿನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದರು, ಅಷ್ಟೆ. ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆ ಕಾಫಿಯಿಂದ ಅಂದರೆ ನೀನು ನಗುತ್ತಿದ್ದೆ.

ತಿಪಟೂರಿನ ನಮ್ಮ ಆಫೀಸಿಗೆ ನಿನ್ನನ್ನು ಸೇರಿಸಿದವನೂ ನಾನೇ. ಮಾವನ ಮಾತು ಮೀರಲಾಗಲಿಲ್ಲ. ಕಾಲೇಜು, ಗೋದಾಮು, ಅಂಗಡಿ ಸಾಲುಗಳ ಒಳಗೆ ಟೆಲಿಫೋನು ತಂತಿ ಎಲ್ಲಿ ಹಾಯಬೇಕು, ಫೋನು ಸಿಕ್ಕಿಸುವ ಬಾಕ್ಸು ಎಲ್ಲಿ ಕೂರಬೇಕು ಅಂತ ನಕ್ಷೆ ಬರೆದು ಎಳೆಸಿಕೊಡುವ ಕೆಲಸ. ಅದರಲ್ಲಿ ನನಗೆ ಹೆಸರಿತ್ತು. ಕೊಬ್ಬರಿ ವರ್ತಕರ ಹೊಸ ಕಟ್ಟಡದ ಕೆಲಸ ಬಂದಾಗ ನಾನು ಎಲ್ಲ ಮಳಿಗೆಗೂ ಎದೆಮಟ್ಟದಲ್ಲಿ ಬಾಕ್ಸು ಬರೆದೆ. ನೀನು ಎರಡು ದಿನ ಅವರ ಹಳೇ ಕೊಬ್ಬರಿ ಮಂಡಿಗಳಲ್ಲಿ ಸುಮ್ಮನೆ ಕೂತು ಬಂದೆ. ಆಮೇಲೆ ಮೆಲ್ಲಗೆ, "ಅಣ್ಣಾ, ಇವರೆಲ್ಲ ಗಾದಿ ಮೇಲೆ ಕೂತು ಮಾತಾಡೋರು. ದಿಲ್ಲಿಗೆ ಟ್ರಂಕ್ ಕಾಲ್ ಸಿಕ್ಕಾಗೆಲ್ಲ ಎದ್ದು ನಿಂತ್ಕೋಬೇಕಾಯ್ತದೆ. ಬಾಕ್ಸು ಮೊಣಕಾಲಿಗಿಂತ ಕೆಳಗಿರಲಿ" ಅಂದೆ. ನಮ್ಮ ಆಫೀಸಿನ ಯಜಮಾನರು ನನ್ನ ಮುಂದೆಯೇ ನಿನ್ನ ಬೆನ್ನು ತಟ್ಟಿದರು. ಹನ್ನೊಂದು ವರ್ಷದಲ್ಲಿ ಅವರು ನನ್ನ ಬೆನ್ನು ಮುಟ್ಟಿದ್ದಿಲ್ಲ.

ಊರಾಚೆಯ ಕಾಲೇಜಿನ ಕೆಲಸ ಬಂದಾಗ ಯಜಮಾನರು ಇಬ್ಬರೂ ಒಂದೊಂದು ನಕ್ಷೆ ಬರೆಯಿರಿ, ಎರಡನ್ನೂ ಕಾಲೇಜು ಕಮಿಟಿಗೆ ತೋರಿಸೋಣ, ಅವರೇ ಆರಿಸಲಿ ಅಂದರು. ಹಳೇ ತೆಂಗಿನ ತೋಟದಲ್ಲಿ ಚದುರಿಕೊಂಡ ಕಟ್ಟಡಗಳು. ನಾನು ಕಂಬ ನೆಟ್ಟು ಮೇಲಿಂದ ತಂತಿ ಎಳೆಯುವ ಹಾಗೆ ಬರೆದೆ, ಒಂದೇ ದಿನಕ್ಕೆ ಮುಗಿಸಿದೆ. ನೀನು ಗಂಟು ಹಾಕಿದ ತೆಂಗಿನ ನಾರಿನ ಹಗ್ಗ ಹಿಡಿದು ಮರದಿಂದ ಮರಕ್ಕೆ ಅಳೆಯುತ್ತಾ ಒಂದು ವಾರ ಅಲೆದೆ. ಪ್ರಿನ್ಸಿಪಾಲರ ಕೋಣೆಯಿಂದ ಹಾಸ್ಟೆಲ್ಲಿನವರೆಗೆ ನೆಲದೊಳಗೆ ಪೈಪು, ಕಟ್ಟಡಕ್ಕೊಂದು ಬಾಕ್ಸು, ಮುಂದೆ ಬೇಕಾದೀತೆಂದು ಪಕ್ಕದಲ್ಲೊಂದು ಖಾಲಿ ಪೈಪು. ಒಂದು ಮರದ ಬೇರಿಗೂ ನೋವಾಗದ ದಾರಿ. ನಿನ್ನ ನಕ್ಷೆ ಬಿಡಿಸಿ ನೋಡಿದೆ. ನನ್ನದನ್ನು ಮತ್ತೆ ನೋಡಲು ಮನಸ್ಸಾಗಲಿಲ್ಲ. ಹಿರಿಯನೆಂದು ಎರಡನ್ನೂ ಕಮಿಟಿಗೆ ಒಯ್ಯುವ ಕೆಲಸ ನನ್ನದಾಗಿತ್ತು. ನಾನು...

ಇಷ್ಟು ದೂರ ಬಂದು ಇಲ್ಲಿ ಪೆನ್ನು ನಿಲ್ಲಬಾರದು. ಒಂದನ್ನೇ ಒಯ್ದೆ ಕಣಪ್ಪ. ನಿನ್ನದು ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಯಜಮಾನರಿಗೂ ನಿನಗೂ ಒಂದೇ ಮಾತು ಹೇಳಿದೆ, ಕಮಿಟಿಯವರಿಗೆ ನೆಲ ಅಗೆಸಲು ಇಷ್ಟವಿಲ್ಲವಂತೆ ಅಂತ. ನೀನು ಆಯ್ತು ಬುಡಣ್ಣ ಅಂದೆ. ಮಾರನೇ ವಾರ ನನ್ನ ಕಂಬಗಳಿಗೆ ತಂತಿ ಬಿಗಿಸುವವರ ಜೊತೆ ಬಿಸಿಲಲ್ಲಿ ನಿಂತವನು ನೀನೇ.

ಆಮೇಲೆ ಆದದ್ದು ನಿನಗೆ ಗೊತ್ತು. ಒಣಗಿದ ಗರಿ ಬಿದ್ದಾಗಲೆಲ್ಲ ಒಂದು ತಂತಿ ಹರಿಯುತ್ತಿತ್ತು. ಮುಂಗಾರಿಗೆ ಮುಂಚಿನ ಗಾಳಿಗೆ ಮೂರು ಕಂಬ ವಾಲಿ, ಹತ್ತು ದಿನ ಇಡೀ ಕಾಲೇಜಿನ ಫೋನುಗಳು ಸತ್ತುಬಿದ್ದಿದ್ದವು. ಹಾಸ್ಟೆಲ್ಲಿನ ಹುಡುಗನೊಬ್ಬನಿಗೆ ಹೊಟ್ಟೆನೋವು ಎದ್ದು, ಡಾಕ್ಟರಿಗೆ ಫೋನು ಹೋಗದೆ, ವಾರ್ಡನ್ನರು ಅವನನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ್ದರು. ಪುಣ್ಯಕ್ಕೆ ಉಳಿದುಕೊಂಡ. ಕಾಲೇಜಿನ ಕಾರ್ಯದರ್ಶಿಗಳು ಆಫೀಸಿಗೇ ಬಂದು, ಇದನ್ನು ಬರೆದವರು ಯಾರು ಅಂತ ಕೇಳಿದರು. ನಾನು ತಲೆ ತಗ್ಗಿಸಿ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ. ನೀನು ಕುರ್ಚಿಯಿಂದ ಎದ್ದು, "ನಾವಿಬ್ರೂ ಸೇರ್ಕಂಡು ಬರೆದದ್ದು ಸಾರ್" ಅಂದೆ. ನೀನು ನನ್ನನ್ನು ಉಳಿಸಿದೆ ಅಂತ ನನಗೆ ಸಂತೋಷವಾಯಿತು ಅಂದುಕೊಂಡೆಯಾ? ಕೆಲಸದಲ್ಲಿ ನನಗಿಂತ ಮುಂದಿದ್ದೆ, ಸರಿ. ಗುಣದಲ್ಲೂ ಮುಂದಿರಬೇಕಾಗಿತ್ತಾ? ಅವತ್ತಿನಷ್ಟು ನಿನ್ನನ್ನು ಕಂಡು ಎಂದೂ ಕುದಿದವನಲ್ಲ.

ಕಾಮಾಲೆ ಬಂದು ನೀನು ಆಸ್ಪತ್ರೆ ಸೇರಿದಾಗ ದಿನಾ ಎಳನೀರು ತಂದು ಕುಡಿಸಿದೆ. ಎಂಟನೇ ದಿನ ಮಧ್ಯಾಹ್ನ ನೀನು ನನ್ನ ಕೈ ಹಿಡಿದು, "ಅಣ್ಣಾ, ಆ ಕಾಲೇಜಿಂದು..." ಅಂದೆ. ಮಾತಾಡಬೇಡ, ಆಯಾಸವಾಗುತ್ತೆ ಅಂತ ತಡೆದೆ. ನಿನ್ನ ಆಯಾಸದ ಚಿಂತೆಯಿಂದ ತಡೆದದ್ದಲ್ಲ ಅದು. ಹೆದರಿ ತಡೆದೆ. ಸಂಜೆಗೆ ನೀನು ಹೋದೆ. ಮಣ್ಣಿಗೆ ಎಷ್ಟು ಜನ ಬಂದಿದ್ದರು ಗೊತ್ತಾ? ಮಂಡಿಯವರು, ಕಾಲೇಜಿನ ಜವಾನರು, ಹುಳಿಯಾರಿನಿಂದ ಬಂದ ಯಾರೋ ಅಂಗಡಿಯವರು. ಎಲ್ಲರ ಕಣ್ಣಲ್ಲೂ ನೀರು. ನಾನು ಹೋದರೆ ಇಷ್ಟು ಮಂದಿ ಬಂದಾರಾ ಅಂತ, ನಿನ್ನ ಗುಂಡಿಯ ಪಕ್ಕದಲ್ಲೇ ನಿಂತು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಅಂತ ನನಗೆ ಅವತ್ತು ತಿಳಿಯಿತು.

ನಿನ್ನ ವರ್ಷದ ತಿಥಿ ಮುಗಿದ ಮೇಲೆ ಗಿರಿಜೆ ಹಿತ್ತಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದಳು. ದನಿ ಎತ್ತರಿಸಲಿಲ್ಲ. "ಭಾವ, ಒಂದೇ ನಕ್ಷೆ ಬಂದಿದ್ದು ಅಂತ ಕಾಲೇಜಿನ ಗುಮಾಸ್ತರು ಅವರಿಗೆ ಆಗಲೇ ಹೇಳಿದ್ರು. ನೀವ್ಯಾಕೆ ಕೇಳಲ್ಲ ಅಂದೆ. ಅಣ್ಣನೇ ಒಂದಿನ ಹೇಳ್ತಾರೆ, ಸುಮ್ಕಿರು ಅಂದ್ರು" ಅಂದಳು. ಅಷ್ಟು ಹೇಳಿ ಒಳಗೆ ಹೋದಳು. ನೀನು ಕಾಯುತ್ತಿದ್ದೆ. ಎದುರಿನ ಕುರ್ಚಿಯಲ್ಲಿ ಕೂತು, ವರ್ಷಗಟ್ಟಲೆ, ನಾನು ಬಾಯಿ ಬಿಡಲಿ ಅಂತ.

ಮಾರನೆಯ ಬೆಳಿಗ್ಗೆ ಡ್ರಾಯರ್ ತೆಗೆದು ನಿನ್ನ ನಕ್ಷೆಯನ್ನು ಯಜಮಾನರ ಮೇಜಿನ ಮೇಲೆ ಬಿಡಿಸಿಟ್ಟೆ. ಎಲ್ಲ ಹೇಳಿದೆ. ಅವರು ನಕ್ಷೆಯನ್ನು ಸುತ್ತಿ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, ಇನ್ನು ಮುಂದೆ ನಿಮ್ಮ ಕೈಗೆ ನಕ್ಷೆ ಕೊಡುವುದಿಲ್ಲ ಅಂದರು. ಸರಿ ಅಂದೆ. ಇಬ್ಬರೂ ಕಾರ್ಯದರ್ಶಿಗಳ ಹತ್ತಿರ ಹೋದೆವು. ಅವರೆದುರಿಗೂ ನಾನೇ ಹೇಳಿದೆ. ಅವರು ನನ್ನನ್ನು ಕೂರಿ ಅನ್ನಲಿಲ್ಲ, ಆದರೆ ನಿನ್ನ ನಕ್ಷೆಯನ್ನು ಪೂರ್ತಿ ನೋಡಿದರು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಕಮಿಟಿ ಒಪ್ಪಿ ದುಡ್ಡು ಹೊಂದಿಸಲು ಇಷ್ಟು ದಿನ ಹಿಡಿಯಿತು, ಕಳೆದ ಸೋಮವಾರದಿಂದ ಕಾಲೇಜಿನಲ್ಲಿ ನೆಲ ಅಗೆಯುತ್ತಿದ್ದಾರೆ. ಕಂಬಗಳನ್ನೆಲ್ಲ ಕಿತ್ತಾಯಿತು. ನಿನ್ನ ಸಣ್ಣ ಅಕ್ಷರ ಓದಬಲ್ಲವನು ನಾನೊಬ್ಬನೇ ಆದ್ದರಿಂದ ನಿಂತು ನೋಡಿಕೊಳ್ಳುವ ಕೆಲಸ ನನಗೇ ಬಿತ್ತು. ಬಂದವರೆಲ್ಲ ಎಂಥಾ ದಾರಿ ಹಿಡಿದಿದ್ದಾನೆ ನೋಡಿ ಅನ್ನುತ್ತಾರೆ. ನನಗೆ ಈಗಲೂ ಉರಿಯುತ್ತದೆ, ಸುಳ್ಳು ಹೇಳಲ್ಲ.

ನಿನ್ನೆ ಲೈಬ್ರರಿಯ ಹತ್ತಿರ ಅಳೆಯುತ್ತಿದ್ದಾಗ ಒಂದು ತಪ್ಪು ಸಿಕ್ಕಿತು. ಪೈಪಿಗೆ ಮೂರು ತಿರುವು ಕೊಟ್ಟಿದ್ದೀಯ, ನಡುವೆ ಕೇಬಲ್ ಎಳೆದುಕೊಳ್ಳಲು ಬಾಕ್ಸು ಇಡುವುದನ್ನು ಮರೆತಿದ್ದೀಯ. ಎಳೆದಿದ್ದರೆ ಕೇಬಲ್ ಮೂರನೇ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಿನ್ನ ಕೈಯಲ್ಲೂ ತಪ್ಪಾಗುತ್ತೆ. ಎಷ್ಟು ಖುಷಿಯಾಯಿತು ಗೊತ್ತಾ ಮಹಾಲಿಂಗ? ನಿನಗೆ ಹೇಳೋಣ ಅಂತ ತಿರುಗಿಯೂಬಿಟ್ಟೆ. ಅಗೆಯುವವರು ಬಿಟ್ಟರೆ ಯಾರೂ ಇರಲಿಲ್ಲ.

ಎರಡನೇ ತಿರುವಿಗೆ ಒಂದು ಬಾಕ್ಸು ಸೇರಿಸಿದ್ದೀನಿ. ನಕ್ಷೆಯ ಮೂಲೆಯಲ್ಲಿ ಬರೆದವರು ಅನ್ನುವಲ್ಲಿ ನಿನ್ನ ಹೆಸರು ಹಾಗೇ ಇದೆ. ತಿದ್ದಿದವರು ಅಂತ ಅದರ ಕೆಳಗೆ ನನ್ನ ಹೆಸರು ಬರೆದುಕೊಂಡೆ.

ನಿನ್ನ ಹಿರಿಯ ಷಡ್ಡಕ,
ಶಂಕರಪ್ಪ