ನೀಮಾಳ ಅಮ್ಮನ ಫ್ಯಾಕ್ಟರಿ

ಪ್ರೀತಿಯ ಅಮ್ಮ,

ಬೆಂಗ್ರೆಯ ಕಡವಿನಲ್ಲಿ ದೋಣಿಗೆ ಕಾಯುತ್ತಾ ನೀನು ಕೇಳಿದ್ದು ನೆನಪುಂಟಾ? ನಾನು ಎಂ.ಕಾಂ. ಸೇರಿದ ವಾರ. "ಎಂತ ಕಲಿಸ್ತಾರೆ ಅಲ್ಲಿ?" ದೇಶ ದೇಶಗಳ ನಡುವಿನ ವ್ಯಾಪಾರ, ಅಂದೆ ನಾನು. "ಅದರಲ್ಲಿ ನಮ್ಮ ಗೇರುಬೀಜ ಉಂಟಾ?" ಇತ್ತು ಅಮ್ಮ. ಹಡಗು ಇತ್ತು, ಅಮೆರಿಕ ಇತ್ತು. ಬೀಜ ಒಡೆಯುವ ನೀವು ಹೆಂಗಸರು ಮಾತ್ರ ಇರಲಿಲ್ಲ.

ಅದಕ್ಕಿಂತ ಮೊದಲು, ಆಫ್ರಿಕಾದ ಹಸಿಬೀಜ ಬಾರದೆ ನಿನ್ನ ಫ್ಯಾಕ್ಟರಿ ಮುಚ್ಚಿದ ಮಳೆಗಾಲ. ಮೀನು ಹಿಡಿಯುವ ಅಪ್ಪನೂ ಆ ಮಳೆಗೆ ಕಡಲಿಗೆ ಇಳಿಯುವಂತಿರಲಿಲ್ಲ. "ಆ ಆಫ್ರಿಕಾದವರಿಗೆ ನಮ್ಮ ಮೇಲೆ ಎಂತ ಕೋಪ ಮಾರಾಯ್ತಿ?" ಅಂತ ನೀನು ಜಗಲಿಯಲ್ಲಿ ಕೂತು ನನ್ನನ್ನು ಕೇಳಿದ್ದೆ. ಕೊನೆಗೊಮ್ಮೆ ಹಡಗು ಬಂತು, ಫ್ಯಾಕ್ಟರಿಯ ಸೈರನ್ ಕೂಗಿತು. ನೀನು ನೆರೆಮನೆಯವರಿಗೆಲ್ಲ ಬೆಲ್ಲ ಹಂಚಿದೆ.

ನಾನು ನೀಮಾಳನ್ನು ಮನೆಗೆ ಕರೆತಂದ ಭಾನುವಾರ ನೀನು ಬೂತಾಯಿ ಮೀನಿನ ಪುಳಿಮುಂಚಿ ಮಾಡಿದ್ದೆ. ತಾಂಜಾನಿಯಾದಿಂದ ಓದಲು ಬಂದ ನನ್ನ ಸಹಪಾಠಿ. ಅವಳು ಊಟ ಬಿಟ್ಟು, ಬೀಜದ ಸಿಪ್ಪೆಯ ಎಣ್ಣೆಗೆ ಕಪ್ಪಾದ ನಿನ್ನ ಬೆರಳುಗಳನ್ನೇ ನೋಡಿದಳು. "ನನ್ನ ಅಮ್ಮನ ಕೈಯೂ ಹೀಗೇ ಇತ್ತು," ಅಂದಳು ಇಂಗ್ಲಿಷಿನಲ್ಲಿ. ನಾನು ಅದನ್ನು ನಿನಗೆ ತುಳುವಿನಲ್ಲಿ ಹೇಳಿದೆ. ನಮ್ಮದು ಮುಚ್ಚಿದ ಆ ಕಾಲಕ್ಕೇ ಅವರ ಊರಿನಲ್ಲೂ ಬೀಜದ ಫ್ಯಾಕ್ಟರಿ ಕಟ್ಟಿದರಂತೆ, ಹಸಿಬೀಜ ಅಲ್ಲೇ ಉಳಿಯಿತಂತೆ. ಆಮೇಲೆ ನಷ್ಟವಾಗಿ ಬಾಗಿಲು ಹಾಕಿದರು. ಬೀಜ ಮತ್ತೆ ಹಡಗು ಹತ್ತಿತು.

"ಹಾಗಾದ್ರೆ ನಮಗೆ ಕೆಲಸ ಇಲ್ಲದಾಗ ಇವಳ ಅಮ್ಮನಿಗೆ ಇತ್ತು. ನಮ್ಮ ಸೈರನ್ ಕೂಗಿದಾಗ..." ನೀನು ಅವಳ ಬಟ್ಟಲಿಗೆ ಇನ್ನೊಂದು ಬೂತಾಯಿ ಹಾಕಿದೆ. "ಇವಳ ಅಮ್ಮ ಈಗ ಎಂತ ಮಾಡ್ತಾರೆ, ಕೇಳು." ನೀಮಾ ತಲೆ ತಗ್ಗಿಸಿದಳು. ತನ್ನ ಅಮ್ಮ ಕಾಗದದಲ್ಲಿ ಅದನ್ನು ಬರೆಯುವುದೇ ಇಲ್ಲ, ಅಂದಳು. ಆ ದಿನ ನೀನು ಉಣ್ಣಲಿಲ್ಲ. ಮರುದಿನ ಕೆಲಸಕ್ಕೆ ಹೊರಡಲು ನಿನಗೆ ಮನಸ್ಸೇ ಬರಲಿಲ್ಲ. ಆದರೂ ಹೋದೆ. ಹೋಗದೆ ಇನ್ನೆಂತ ಮಾಡಬಹುದಿತ್ತು?

ಈಗ ಕಾಲೇಜಿನಲ್ಲಿ ಆ ಪಾಠ ನಾನೇ ಮಾಡ್ತೇನೆ ಅಮ್ಮ. ವ್ಯಾಪಾರದಿಂದ ಎರಡೂ ದೇಶಗಳಿಗೆ ಲಾಭ ಅಂತ ಬೋರ್ಡಿನಲ್ಲಿ ಬರೆಯುವಾಗ ಒಂದು ಗಳಿಗೆ ಕೈ ನಿಲ್ತದೆ. ಸುಳ್ಳಲ್ಲ ಅದು. ಹಡಗು ಬರದಿದ್ದರೆ ನಾನು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆನಾ? ಆದರೆ ದೇಶ ಅಂದರೆ ಯಾರು? ನೀನಾ, ನೀಮಾಳ ಅಮ್ಮನಾ?

ಆಸ್ಪತ್ರೆಯಲ್ಲಿ ಮಾತು ನಿಲ್ಲುವ ಮೊದಲೂ ನೀನು ಕೇಳಿದೆ, "ಆ ಹುಡುಗಿಯ ಅಮ್ಮನ ಸುದ್ದಿ ಬಂತಾ?" ನಾನು ಇಲ್ಲ ಅಂದಿದ್ದೆ.

ಬಂತು ಅಮ್ಮ. ಊರಿಗೆ ಮರಳಿದ ನೀಮಾ ಬರೆದಿದ್ದಾಳೆ. ಅವಳ ಅಮ್ಮ ನೆರೆಯ ಹೆಂಗಸರೊಟ್ಟಿಗೆ ಅಂಗಳದಲ್ಲೇ ಬೀಜ ಹುರಿದು, ಒಡೆದು, ಬಸ್ ನಿಲ್ದಾಣದಲ್ಲಿ ಮಾರ್ತಾರಂತೆ. ಫ್ಯಾಕ್ಟರಿ ತೆರೆಯಲೇ ಇಲ್ಲ. ಆ ದಿನ ನೀನು ಉಣ್ಣದ್ದನ್ನು ಕೇಳಿ ಅವರಿಗೆ ಬೇಜಾರಾಯಿತಂತೆ. "ಅವರ ತಪ್ಪು ಎಂತ ಉಂಟು? ಹೊಟ್ಟೆ ತುಂಬ ಉಣ್ಣಲಿಕ್ಕೆ ಹೇಳು," ಅಂದರಂತೆ.

ನೀನು ಇಲ್ಲ ಅಂತ ಅವರಿಗೆ ನಾನಿನ್ನೂ ಬರೆದಿಲ್ಲ.

ನಿನ್ನ ಮಗಳು